ಬಿಷಪ್ ಲಾಂಛನ ಮರದಲ್ಲಿ ಕೆತ್ತಿಸಬೇಕಾ? ಚಿಕ್ಕಮಗಳೂರಿನ ಈ ಆಚಾರ್ರ ಹತ್ತಿರ ಹೋಗಿ

ಮೊದಲೇ ಹೇಳಿಬಿಡುತ್ತೇನೆ, ಕೆಲಸ ಅಂದರೆ ಇದು ಕೆಲಸ. ದುಡ್ಡು ಸ್ವಲ್ಪ ಜಾಸ್ತಿ, ಸಮಯ ಅದಕ್ಕಿಂತ ಜಾಸ್ತಿ, ಫೋನಿಗೆ ಸಿಗುವುದು ಕಷ್ಟ. ಆದರೂ ಚರ್ಚಿಗೋ ಕಾನ್ವೆಂಟಿಗೋ ಗುರುಮನೆಗೋ ಬಿಷಪ್ಪರ ಲಾಂಛನ ಮರದಲ್ಲಿ ಮಾಡಿಸಬೇಕು ಅಂತ ಯಾರಾದರೂ ಕೇಳಿದರೆ ನಾನು ಇವರನ್ನೇ ಹೇಳುತ್ತೇನೆ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಯಾಕಂದ್ರೆ ಈ ಲಾಂಛನದಲ್ಲಿ ಒಂದೊಂದು ಗೆರೆಗೂ ಅರ್ಥ ಇದೆ, ಮಾಡುವವರಿಗೆ ಅದು ಗೊತ್ತಿಲ್ಲದಿದ್ದರೆ ಎಷ್ಟು ಚೆಂದ ಕೆತ್ತಿದರೂ ಅದು ಬೇರೆ ಯಾರದೋ ಲಾಂಛನ ಆಗಿಬಿಡುತ್ತದೆ.

ಅಂಗಡಿ ಇರುವುದು ಚಿಕ್ಕಮಗಳೂರಿನಿಂದ ಹಿರೇಮಗಳೂರು ಕಡೆ ಹೋಗುವ ದಾರಿಯಲ್ಲಿ. ಬೋರ್ಡ್ ಇಲ್ಲ. ರಸ್ತೆಯಿಂದ ಒಳಗೆ ಒಂದು ಶೀಟ್ ಹಾಕಿದ ಶೆಡ್ಡು, ಹೊರಗೆ ಹಳೇ ಮನೆಯಿಂದ ಬಿಚ್ಚಿ ತಂದ ತೊಲೆ, ಬಾಗಿಲ ಚೌಕಟ್ಟು ಒರಗಿಸಿಟ್ಟಿರುತ್ತಾರೆ, ಅದೇ ಗುರುತು. ಅಪ್ಪ ಮಗ ಇಬ್ಬರು, ಜೊತೆಗೆ ಒಬ್ಬ ಹುಡುಗ. ದೊಡ್ಡವರು ಸಾಗರದ ಗುಡಿಗಾರರ (ಪರಂಪರೆಯಿಂದ ಕೆತ್ತನೆ ಮಾಡುವವರು) ಹತ್ತಿರ ಕೆಲಸ ಕಲಿತವರು. ದೇವಸ್ಥಾನದ ಬಾಗಿಲು, ಮಂಟಪ, ಉತ್ಸವದ ಪಲ್ಲಕ್ಕಿ ಇವೇ ಹೆಚ್ಚು. ಚರ್ಚಿನ ಕೆಲಸ ಮೊದಲೂ ಮಾಡಿದ್ದಾರೆ, ಶಿಲುಬೆ, ಪ್ರವಚನ ಪೀಠ ಇಂಥವು. ಬಿಷಪ್ ಲಾಂಛನ ಮಾತ್ರ ನಮ್ಮದೇ ಮೊದಲು.

ನಮಗೆ ಬೇಕಾಗಿದ್ದು ಏನಂದ್ರೆ, ನಮ್ಮ ವಿಚಾರಣೆಯಲ್ಲೇ (ಅಂದರೆ ನಮ್ಮ ಚರ್ಚಿಗೆ ಸೇರಿದ ಪ್ಯಾರಿಷ್‌ನಲ್ಲೇ) ಹುಟ್ಟಿ ಬೆಳೆದ ಫಾದರ್ ಒಬ್ಬರು ಹೊರರಾಜ್ಯದ ಧರ್ಮಕ್ಷೇತ್ರಕ್ಕೆ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ, ಡಯಾಸಿಸ್) ಬಿಷಪ್ ಆದರು. ಹೆಸರು ಹಾಕುವುದಿಲ್ಲ, ಅವರಿಗೆ ಪ್ರಚಾರ ಹಿಡಿಸುವುದಿಲ್ಲ. ತಂದೆ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಸೆಮಿನರಿ ಮುಗಿಸಿ ಗುರುದೀಕ್ಷೆ ಆದಮೇಲೆ ಸ್ವಲ್ಪ ಕಾಲ ನಮ್ಮ ಕಡೆಯೇ ಸಹಾಯಕ ಗುರುಗಳಾಗಿದ್ದರು. ರಾತ್ರಿ ಹೊತ್ತು ತೋಟದ ಕೂಲಿಯವರ ಲೈನ್ ಮನೆಗಳಿಗೆ ಬೈಕಿನಲ್ಲಿ ಹೋಗಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರು. ಜೋರು ಮಳೆಗಾಲದಲ್ಲೂ ತಪ್ಪಿಸುತ್ತಿರಲಿಲ್ಲ. ಆ ಮಕ್ಕಳಲ್ಲಿ ಕೆಲವರು ಇವತ್ತು ಟೀಚರ್, ನರ್ಸ್ ಆಗಿದ್ದಾರೆ. ಅಂಥವರು ಬಿಷಪ್ ಆಗಿ ಮೊದಲ ಸಲ ಊರ ಹಬ್ಬದ ಪೂಜೆಗೆ ಬರುತ್ತಾರೆ ಅಂದಾಗ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲರೂ ಕೊಡುತ್ತಾರೆ, ಉಳಿಯುವಂಥದ್ದು ಏನಾದರೂ ಆಗಲಿ ಅಂತ ಚರ್ಚಿನ ಪಾಲನಾ ಮಂಡಳಿಯಲ್ಲಿ ಮಾತಾಯಿತು. ಚರ್ಚ್ ಪಕ್ಕದ ಸಭಾಂಗಣಕ್ಕೆ ದೊಡ್ಡದೊಂದು, ಅವರ ಕೈಗೆ ಕೊಡಲು ಚಿಕ್ಕದೊಂದು.

ಇದಕ್ಕೆ ಮೊದಲು ಇನ್ನೊಂದು ಕಡೆ ಅಕ್ರಿಲಿಕ್‌ನಲ್ಲಿ ಕೊಟ್ಟಿದ್ದೆವು, ಯಾವ ಊರು ಅಂತ ಬೇಡ. ಲಾಂಛನದ ಮೇಲ್ಭಾಗದಲ್ಲಿ ಬರುವ ಟೋಪಿಗೆ ಕೆಂಪು ಬಣ್ಣ ಹಾಕಿ ಕಳಿಸಿದರು. ಕೆಂಪು ಟೋಪಿ ಕಾರ್ಡಿನಲ್‌ಗೆ, ಅಂದರೆ ಪೋಪರ ನಂತರದ ಹಿರಿಯ ಪದವಿಯವರಿಗೆ. ಬಿಷಪ್‌ಗೆ ಹಸಿರು. ಟೋಪಿಯಿಂದ ಇಳಿಬೀಳುವ ಕುಚ್ಚುಗಳಂತೂ ಲೆಕ್ಕವೇ ಇಲ್ಲ, ಒಂದು ಕಡೆ 5, ಇನ್ನೊಂದು ಕಡೆ 7. ಬೀದಿಯ ಅಂಗಡಿಯವರಿಗೆ ಇದೆಲ್ಲಾ ಗೊತ್ತಿರಬೇಕು ಅಂತ ಇಲ್ಲ, ಆದರೆ ಕೊಟ್ಟ ಚಿತ್ರವನ್ನು ನೋಡಿ ಮಾಡಬೇಕು ಅಲ್ವಾ? ಕೇಳಿದರೆ "ಕೆಂಪು ಎದ್ದು ಕಾಣುತ್ತೆ" ಅಂದರು.

ಇಲ್ಲಿ ಹಾಗಾಗಲಿಲ್ಲ. ಆಚಾರ್ರು ಕಾಗದ ಕೈಗೆ ತಗೊಂಡು ಅಳತೆ ಕೇಳಲಿಲ್ಲ, ಮೊದಲು ಕೇಳಿದ್ದು "ಇದರಲ್ಲಿ ಯಾವುದು ಏನು, ಒಂದೊಂದೇ ಹೇಳಿ ಮೇಡಂ" ಅಂತ. ಕೂತು ಹೇಳಿದೆ. ಅವರು ಉಳಿ ಮಸೆಯುತ್ತಲೇ ಕೇಳಿಸಿಕೊಂಡರು, ನಡುನಡುವೆ ಪ್ರಶ್ನೆ ಹಾಕಿದರು, ಕೊನೆಗೆ ಎಲ್ಲಾ ತಿರುಗಿ ಒಪ್ಪಿಸಿದರು.

ನಿಮಗೂ ಸ್ವಲ್ಪ ಹೇಳುತ್ತೇನೆ. ನಡುವೆ ಒಂದು ಗುರಾಣಿ. ಯುದ್ಧದವರ ಲಾಂಛನದಲ್ಲಿ ಅದರ ಮೇಲೆ ಶಿರಸ್ತ್ರಾಣ ಇರುತ್ತದೆ, ಗುರುಗಳಿಗೆ ಅದು ಸಲ್ಲದು ಅಂತ ಅಗಲ ಅಂಚಿನ ಟೋಪಿ ಬಂತು. ಟೋಪಿಯ ಎರಡೂ ಬದಿಯಿಂದ ಹಗ್ಗ ಇಳಿದು ಕುಚ್ಚು ಜೋತಾಡುತ್ತದೆ. ಬಿಷಪ್‌ಗೆ ಒಂದೊಂದು ಬದಿಗೆ 6, ಮೇಲಿಂದ ಒಂದು, ಎರಡು, ಮೂರು ಅಂತ ಸಾಲು. ಬಿಷಪ್‌ಗಿಂತ ಮೇಲಿನ ಪದವಿಯ ಆರ್ಚ್‌ಬಿಷಪ್ ಆದರೆ ಬದಿಗೆ 10, ಕಾರ್ಡಿನಲ್‌ಗೆ 15. ಗುರಾಣಿ ಹಿಂದೆ ಶಿಲುಬೆ ನಿಂತಿರುತ್ತದೆ, ಬಿಷಪ್‌ಗೆ ಒಂದು ಅಡ್ಡಪಟ್ಟಿ, ಆರ್ಚ್‌ಬಿಷಪ್‌ಗೆ ಎರಡು. ಕೆಳಗೆ ರಿಬ್ಬನ್ನಿನಲ್ಲಿ ಧ್ಯೇಯವಾಕ್ಯ. ಗುರಾಣಿಯ ಒಳಗೆ ಏನು ಬರಬೇಕು ಅನ್ನೋದು ಆ ಬಿಷಪ್ಪರ ಬದುಕಿಗೆ ಬಿಟ್ಟದ್ದು, ಹೊರಗಿನದೆಲ್ಲಾ ಅವರ ಪದವಿಗೆ ಸೇರಿದ್ದು.

ಇದನ್ನು ಹೇಳುವಾಗ ನಮ್ಮ ಧರ್ಮಕ್ಷೇತ್ರದ ಮೊದಲ ಬಿಷಪ್ ಅಲ್ಫೋನ್ಸಸ್ ಮಥಾಯಸ್ ಅವರ ನೆನಪು ಬಂತು. ಉಡುಪಿ ಕಡೆ ಪಾಂಗಾಳದವರು. ಮೈಸೂರು ಧರ್ಮಕ್ಷೇತ್ರದಿಂದ 1963ರಲ್ಲಿ ಚಿಕ್ಕಮಗಳೂರು ಬೇರೆಯಾದಾಗ ಇವರನ್ನು ನೇಮಿಸಿದರು, 1964ರಲ್ಲಿ ದೀಕ್ಷೆ. ಆಗ ಹಾಸನ ಮಾತ್ರ ಅಲ್ಲ, ಶಿವಮೊಗ್ಗವೂ ಇದಕ್ಕೇ ಸೇರಿತ್ತು, ಅದು ಬೇರೆಯಾಗಿದ್ದು 1988ರಲ್ಲಿ. ಘಾಟಿ, ತೋಟ, ಬಯಲುಸೀಮೆ ಎಲ್ಲಾ ಸುತ್ತಬೇಕಾದ ಕಾಲ. 1986ರಲ್ಲಿ ಬೆಂಗಳೂರಿಗೆ ಆರ್ಚ್‌ಬಿಷಪ್ ಆಗಿ ಹೋದರು. 2024ರ ಜುಲೈಯಲ್ಲಿ ತೀರಿಕೊಂಡಾಗ 96 ವರ್ಷ. "ಹಾಗಾದ್ರೆ ಇಲ್ಲಿಂದ ಅಲ್ಲಿಗೆ ಹೋದಾಗ ಕುಚ್ಚು ಆರರಿಂದ ಹತ್ತಾಯ್ತು, ಶಿಲುಬೆಗೆ ಇನ್ನೊಂದು ಪಟ್ಟಿ ಬಂತು" ಅಂದರು ಆಚಾರ್ರು. ಹೌದು, ನಿಯಮ ಅದೇ. ಅಷ್ಟು ಬೇಗ ಹಿಡಿದುಕೊಂಡರು.

ನಮ್ಮವರ ಗುರಾಣಿಯಲ್ಲಿ ಮೇಲರ್ಧ ನೀಲಿ, ಕೆಳಗೆ ಬಂಗಾರದ ಬಣ್ಣ. ಎರಡರ ನಡುವಿನ ಗೆರೆ ನೇರ ಇಲ್ಲ, ಅಲೆ ಅಲೆಯಾಗಿದೆ. ಅದು ಹೇಮಾವತಿ. ನಮ್ಮ ಕಡೆಯವರಿಗೆ ಹೇಮಾವತಿ ಅಂದರೆ ಗದ್ದೆಗೆ ನೀರು ಕೊಟ್ಟ ಹೊಳೆಯೂ ಹೌದು, ಗೊರೂರು ಅಣೆಕಟ್ಟು ಕಟ್ಟಿದಮೇಲೆ ಶೆಟ್ಟಿಹಳ್ಳಿಯ ಚರ್ಚನ್ನು ಮುಳುಗಿಸಿದ ಹೊಳೆಯೂ ಹೌದು. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಆ ಚರ್ಚಿನ ಗೋಡೆಗಳು ಬೇಸಿಗೆಯಲ್ಲಿ ಈಗಲೂ ಹಿನ್ನೀರಿನಿಂದ ಎದ್ದು ನಿಲ್ಲುತ್ತವೆ, ಎಲ್ಲರೂ ಫೋಟೋ ತೆಗೆಯಲು ಹೋಗುತ್ತಾರೆ. ಆದರೆ ಅಲ್ಲಿ ಜ್ಞಾನಸ್ನಾನ ಆದವರು, ಮದುವೆ ಆದವರು ಊರು ಬಿಟ್ಟು ಎದ್ದು ಹೋಗಬೇಕಾಯಿತು. ಆ ನೋವು ಮರೆಯಬಾರದು ಅಂತಲೇ ಬಿಷಪ್ಪರು ಆ ಗೆರೆ ಹಾಕಿಸಿಕೊಂಡಿದ್ದು. ಆಚಾರ್ರು ಈ ಮಾತು ಕೇಳಿ ಅಲೆಯನ್ನು ಬರೀ ಬಣ್ಣದಲ್ಲಿ ತೋರಿಸುವುದು ಬೇಡ ಅಂತ ನಿರ್ಧಾರ ಮಾಡಿದರು. ನೀಲಿ ಭಾಗವನ್ನು ಒಂದು ಪದರ ಕೆಳಗೆ ಇಳಿಸಿ, ಬಂಗಾರದ ಭಾಗವನ್ನು ದಡದ ಹಾಗೆ ಮೇಲೆ ಬಿಟ್ಟಿದ್ದಾರೆ. ಬೆರಳಿಟ್ಟು ಸವರಿದರೆ ಅಂಚು ಸಿಗುತ್ತದೆ.

ಕೆಳಗಿನ ಬಂಗಾರದ ಮೇಲೆ ಒಂದು ಕಾಫಿ ರೆಂಬೆ, ಹಸಿರೆಲೆ, ಕೆಂಪು ಹಣ್ಣು. ಇಲ್ಲಿ ನಾನು ಅವರಿಗೆ ಪೂರಾ ಮಾರ್ಕು ಕೊಡುತ್ತೇನೆ. ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರದಲ್ಲಿ ಎಲೆಗಳು ಒಂದು ಈ ಕಡೆ, ಒಂದು ಆ ಕಡೆ, ಏಣಿ ಮೆಟ್ಟಿಲ ಹಾಗೆ ಇದ್ದವು. ಹಣ್ಣು ರೆಂಬೆಯ ತುದಿಯಲ್ಲಿ ದ್ರಾಕ್ಷಿ ಹಾಗೆ ನೇತಾಡುತ್ತಿತ್ತು. ಆಚಾರ್ರು ನೋಡಿದ ತಕ್ಷಣ "ಕಾಫಿ ಹೀಗೆ ಬಿಡುತ್ತಾ?" ಅಂದರು. ಕಾಫಿ ಎಲೆ ಜೋಡಿ ಜೋಡಿ ಎದುರುಬದುರಾಗಿ ಬರುತ್ತದೆ, ಹಣ್ಣು ಎಲೆ ಬುಡದ ಗಣ್ಣಿನಲ್ಲಿ ಒತ್ತೊತ್ತಾಗಿ ಕೂರುತ್ತದೆ. ತೋಟದ ಊರಿನವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಆಮೇಲೆ ಕೇಳಿದರು, ಅರೇಬಿಕಾನಾ ರೊಬಸ್ಟಾನಾ? ರೊಬಸ್ಟಾ ಎಲೆ ದೊಡ್ಡದು, ಅರೇಬಿಕಾ ಚಿಕ್ಕದು, ಚೂಪು. ಬಿಷಪ್ಪರ ಆಫೀಸಿಗೆ ಫೋನ್ ಮಾಡಿ ಕೇಳಿದೆವು. ಅರೇಬಿಕಾ ಅಂತ ಅವರೇ ಉತ್ತರ ಕೊಟ್ಟರು, ಅವರ ತಂದೆ ಕೆಲಸ ಮಾಡುತ್ತಿದ್ದ ತೋಟದಲ್ಲಿ ಇದ್ದದ್ದು ಅದೇ. ಮಗ ತೋಟದಿಂದ ಒಂದು ರೆಂಬೆ ಮುರಿದು ತಂದು ಬಾಟಲಿಯಲ್ಲಿ ಇಟ್ಟುಕೊಂಡು ಅದನ್ನು ನೋಡಿ ಗುರುತು ಹಾಕಿದ. ಈಗ ಹತ್ತಿರ ಹೋಗಿ ನೋಡಿದರೆ ಎಲೆಯ ನಡುನರ, ಅಂಚಿನ ಸಣ್ಣ ಏರಿಳಿತ, ಹಣ್ಣಿನ ತುದಿಯ ಚುಕ್ಕಿ ಎಲ್ಲಾ ಇದೆ.

ನಕ್ಷತ್ರದ ವಿಷಯದಲ್ಲೂ ಹೀಗೇ. ಮೇಲಿನ ನೀಲಿಯಲ್ಲಿ ಮಾತೆ ಮರಿಯಮ್ಮನ ಗುರುತಾಗಿ ಒಂದು ಬಿಳಿ ನಕ್ಷತ್ರ, ಪಕ್ಕದಲ್ಲಿ ತೆರೆದ ಪುಸ್ತಕ. ನಕ್ಷತ್ರಕ್ಕೆ ಮೂಲೆ ಎಷ್ಟು ಅಂತ ಚಿತ್ರದ ಜೊತೆಗಿದ್ದ ವಿವರಣೆಯಲ್ಲಿ ಬರೆದಿರಲಿಲ್ಲ. ನಮ್ಮಲ್ಲಿ ಕೆಲವರು ಐದೇ ಸಾಕು ಅಂದರು. ಇದು ಸಣ್ಣ ವಿಷಯ ಅಂತ ಅನಿಸಬಹುದು, ಆದರೆ 2013ರಲ್ಲಿ ಪೋಪ್ ಫ್ರಾನ್ಸಿಸ್ ಅವರ ಲಾಂಛನ ಮೊದಲು ಐದು ಮೂಲೆ ನಕ್ಷತ್ರದೊಂದಿಗೆ ಹೊರಬಂದು ಆಮೇಲೆ ಎಂಟು ಮೂಲೆಗೆ ತಿದ್ದುಪಡಿ ಆಯಿತು. ಪೋಪರ ಲಾಂಛನಕ್ಕೇ ಹಾಗಾದಮೇಲೆ ನಾವು ಕೇಳಿಯೇ ಮಾಡುವುದು ಒಳ್ಳೆಯದು ಅಂತ ಕೇಳಿದೆವು. ಎಂಟು.

ಎಡ ಬಲದ ಗೊಂದಲ ಮಾತ್ರ ಎಲ್ಲರೂ ತಿಳಿದುಕೊಳ್ಳಲೇಬೇಕು. ವಿವರಣೆಯಲ್ಲಿ "ಬಲಕ್ಕೆ ನಕ್ಷತ್ರ, ಎಡಕ್ಕೆ ಪುಸ್ತಕ" ಅಂತ ಇರುತ್ತದೆ, ಚಿತ್ರದಲ್ಲಿ ನಕ್ಷತ್ರ ನಮ್ಮ ಎಡಗಡೆ ಕಾಣುತ್ತದೆ. ಗುರಾಣಿ ಹಿಡಿದು ನಿಂತವರ ಬಲ ಎಡ ಅದು, ನೋಡುವವರದ್ದಲ್ಲ. ಇದನ್ನು ಅರ್ಥ ಮಾಡಿಸಲು ನಾನು ಬಾಯಿ ತೆರೆಯುವ ಮೊದಲೇ ಆಚಾರ್ರು "ವಿಗ್ರಹದಲ್ಲೂ ಹಾಗೇ ಅಲ್ವಾ ಮೇಡಂ, ದೇವರ ಬಲಗೈ ಅಂದ್ರೆ ನಮ್ಮ ಎಡಕ್ಕೆ" ಅಂದರು. ತಲೆತಲಾಂತರದಿಂದ ಮೂರ್ತಿ ಮಾಡುವವರ ಹತ್ತಿರ ಕಲಿತವರಿಗೆ ಇದು ನೀರು ಕುಡಿದಷ್ಟು ಸುಲಭ.

ಈ ಎಡ ಬಲದಿಂದ ಚಿಕ್ಕ ಫಲಕದಲ್ಲಿ ಇನ್ನೂ ದೊಡ್ಡ ವ್ಯತ್ಯಾಸ ಆಗುತ್ತಿತ್ತು. ಚಿಕ್ಕದಕ್ಕೆ ಬಣ್ಣ ಬೇಡ, ಮರ ಮರದ ಹಾಗೇ ಇರಲಿ ಅಂತ ಬಿಷಪ್ಪರ ಇಷ್ಟ. ಬಣ್ಣವೇ ಇಲ್ಲದೆ ಬಣ್ಣ ತೋರಿಸುವುದು ಹೇಗೆ? ಅದಕ್ಕೊಂದು ಹಳೇ ಪದ್ಧತಿ ಇದೆ, 17ನೇ ಶತಮಾನದಲ್ಲಿ ಪೆತ್ರಾ ಸಾಂಕ್ತಾ ಅನ್ನುವ ಯೇಸು ಸಭೆಯ (ಜೆಸ್ಯೂಟ್) ಗುರುಗಳಿಂದ ಹೆಚ್ಚು ಬಳಕೆಗೆ ಬಂತು. ಬಂಗಾರಕ್ಕೆ ಚುಕ್ಕಿ, ಬೆಳ್ಳಿಗೆ ಖಾಲಿ ಬಿಡುವುದು, ಕೆಂಪಿಗೆ ಮೇಲಿಂದ ಕೆಳಕ್ಕೆ ಉದ್ದ ಗೆರೆ, ನೀಲಿಗೆ ಅಡ್ಡ ಗೆರೆ, ಹಸಿರಿಗೆ ಓರೆ ಗೆರೆ. ಹಸಿರಿನ ಓರೆ ನೋಡುವವರ ಎಡ ಮೇಲಿಂದ ಬಲ ಕೆಳಕ್ಕೆ ಹೋಗಬೇಕು. ಅದನ್ನೇ ತಿರುಗಿಸಿ ಎಳೆದರೆ ನೇರಳೆ ಬಣ್ಣ ಅಂತ ಅರ್ಥ! ಟೋಪಿಯ ಅಂಚಿನ ಮೇಲೆ, ಒಂದು ಹಿಡಿ ಅಗಲದ ಜಾಗದಲ್ಲಿ, ಕೂದಲೆಳೆ ಅಂತರದಲ್ಲಿ ಎಲ್ಲಾ ಓರೆ ಗೆರೆ ಒಂದೇ ದಿಕ್ಕಿಗೆ. ಬಂಗಾರದ ಭಾಗಕ್ಕೆ ಉಳಿಯಲ್ಲಿ ಆಗಲ್ಲ ಅಂತ ಮೊಳೆ ತುದಿಯನ್ನು ದುಂಡಗೆ ಉಜ್ಜಿ ಕೊಡತಿಯಲ್ಲಿ ಒಂದೊಂದೇ ಚುಕ್ಕಿ ತಟ್ಟಿದ್ದಾರೆ. ನನ್ನ ಕೇಳಿದರೆ ದೊಡ್ಡದಕ್ಕಿಂತ ಈ ಚಿಕ್ಕದೇ ಚೆನ್ನಾಗಿದೆ.

ಬಿಷಪ್ ಅಂದಮೇಲೆ ಮಕುಟ, ದಂಡ ಬೇಡ್ವಾ ಅಂತ ನಮ್ಮ ಪಾಲನಾ ಮಂಡಳಿಯ ಹಿರಿಯರೊಬ್ಬರು ಬಹಳ ಪಟ್ಟು ಹಿಡಿದರು. ದೀಕ್ಷೆ ಕೊಡುವಾಗ ತಲೆಗೆ ಪವಿತ್ರ ತೈಲ ಹಚ್ಚಿ, ಉಂಗುರ ತೊಡಿಸಿ, ಮಕುಟ ಇಟ್ಟು, ಕೈಗೆ ದಂಡ ಕೊಡುತ್ತಾರೆ, ಅದನ್ನು ಕಣ್ಣಾರೆ ನೋಡಿಬಂದವರು ಅವರು. ಆ ದಂಡ ಕುರುಬನ ಕೋಲು, ಮಂದೆ ಕಾಯುವ ಕೆಲಸ ಅಂತ. ಅವರ ಆಸೆ ನನಗೆ ಅರ್ಥ ಆಗುತ್ತದೆ. ಆದರೆ 1969ರಲ್ಲಿ ಪೋಪ್ ಆರನೇ ಪೌಲರ ಕಾಲದಲ್ಲಿ ಬಂದ ಸೂಚನೆಯ ಪ್ರಕಾರ ಲಾಂಛನದಲ್ಲಿ ಮಕುಟ, ದಂಡ ಹಾಕುವಂತಿಲ್ಲ. ಹಳೇ ಚರ್ಚುಗಳಲ್ಲಿ ಅದಕ್ಕೂ ಮುಂಚಿನವು ಇರುತ್ತವೆ, ಅದನ್ನು ನೋಡಿ ಎಲ್ಲರೂ ಹಾಕಿಸಲು ಹೋಗುತ್ತಾರೆ. ಬೇರೆ ಅಂಗಡಿಯಾಗಿದ್ದರೆ "ಹಾಕೋಣ ಬಿಡಿ, ಇನ್ನಷ್ಟು ಗ್ರ್ಯಾಂಡ್ ಆಗುತ್ತೆ" ಅಂತ ಹೇಳಿ ದುಡ್ಡು ಹೆಚ್ಚಿಸುತ್ತಿದ್ದರು. ಇವರು "ನಿಯಮ ಇಲ್ಲ ಅಂದಮೇಲೆ ಬೇಡ ಸ್ವಾಮಿ, ಶಾಸ್ತ್ರ ತಪ್ಪಬಾರದು" ಅಂದರು. ಅಲ್ಲಿಗೆ ಮುಗಿಯಿತು.

ಅಕ್ಷರದ ಬಗ್ಗೆ ಹೇಳಲೇಬೇಕು. ಧ್ಯೇಯವಾಕ್ಯ ಕನ್ನಡದಲ್ಲಿ, ಮತ್ತಾಯನ ಶುಭಸಂದೇಶದಲ್ಲಿ ಯೇಸು ಹೇಳಿದ ಮಾತಿನಿಂದ ಆರಿಸಿಕೊಂಡದ್ದು: "ಸೇವೆ ಮಾಡಿಸಿಕೊಳ್ಳಲಲ್ಲ, ಸೇವೆ ಮಾಡಲು". ನಾವು ಕೊಟ್ಟ ಫೈಲು ನುಡಿ ತಂತ್ರಾಂಶದಿಂದ ಯೂನಿಕೋಡ್‌ಗೆ ಹೋಗಿ ಮತ್ತೆ ಇನ್ನೆಲ್ಲೋ ತಿರುಗಿ ಬರುವಷ್ಟರಲ್ಲಿ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿಯಾಗಿತ್ತು. ಮಗ ಅದನ್ನು ಪಕ್ಕಕ್ಕಿಟ್ಟು ಪೆನ್ಸಿಲ್ ಹಿಡಿದು ಕೈಯಲ್ಲೇ ಬರೆದ. ರಿಬ್ಬನ್ನು ಬಾಗಿರುವುದರಿಂದ ಒತ್ತಕ್ಷರಗಳು ಅಂಚು ದಾಟುತ್ತಿದ್ದವು, ಅದಕ್ಕೆ ಕೆಳಗಿನ ಅಂಚನ್ನು ಅಷ್ಟು ಉದ್ದಕ್ಕೂ ಒಂದೆರಡು ನೂಲು ಅಗಲ ಮಾಡಿದ್ದಾನೆ. ನೋಡಿದರೆ ಗೊತ್ತಾಗುವುದಿಲ್ಲ, ಆದರೆ ಒಂದು ಒತ್ತೂ ಕತ್ತರಿಸಿಲ್ಲ. ಕನ್ನಡ ಅಕ್ಷರವನ್ನು ಇಷ್ಟು ಮರ್ಯಾದೆಯಿಂದ ಕೆತ್ತುವವರು ಈಗ ಎಷ್ಟು ಜನ ಇದ್ದಾರೆ?

ಮರ ತೇಗ, ಹಳೇ ಮನೆಯ ತೊಲೆ ಸೀಳಿದ್ದು. ಮಲೆನಾಡಿನ ತೇವಕ್ಕೆ ಹೊಸ ಮರ ಸೊಟ್ಟಗಾಗುತ್ತದೆ, ಬಿರುಕು ಬಿಡುತ್ತದೆ, ಇದು ದಶಕಗಟ್ಟಲೆ ಒಣಗಿದ್ದು. ದೊಡ್ಡ ಫಲಕ 3 ಅಡಿ ಎತ್ತರ, 2 ಅಡಿ ಅಗಲ, ಹಲಗೆ ಜೋಡಿಸಿರುವ ಕಡೆ ಹಿಂದೆ ಮರದ ಗೂಟ ಹೊಡೆದಿದ್ದಾರೆ, ಕಬ್ಬಿಣದ ಮೊಳೆ ಇಲ್ಲ. ಎರಡೂ ಸೇರಿ ₹38,000 ತಗೊಂಡರು. ಅಕ್ರಿಲಿಕ್‌ಗೆ ಹೋಲಿಸಿದರೆ ಬಹಳ ಜಾಸ್ತಿ, ಆದರೆ ಕೈಕೆಲಸದ ಲೆಕ್ಕದಲ್ಲಿ ನನಗೆ ದುಬಾರಿ ಅನಿಸಲಿಲ್ಲ. ಅರ್ಧ ಮುಂಗಡ ಕೊಡಬೇಕು. ಬಿಲ್ಲು ಕೈಬರಹದ್ದು, ಟ್ರಸ್ಟ್ ಲೆಕ್ಕಕ್ಕೆ ಜಿಎಸ್‌ಟಿ ಬಿಲ್ಲೇ ಬೇಕು ಅನ್ನುವವರು ಮೊದಲೇ ಮಾತಾಡಿಕೊಳ್ಳಿ.

ಬೇಸರ ಆಗಿದ್ದನ್ನೂ ಹೇಳುತ್ತೇನೆ. ಮಳೆಗಾಲದಲ್ಲಿ ಪಾಲಿಶ್ ಒಣಗುವುದಿಲ್ಲ ಅಂತ ಹೇಳಿದ ದಿನಕ್ಕೆ ಕೊಡಲಿಲ್ಲ, ಹಬ್ಬ ಹತ್ತಿರ ಬಂದಾಗ ನಮಗೆ ಕೈಕಾಲು ಆಡಲಿಲ್ಲ. ತಡ ಆಗುತ್ತದೆ ಅಂತ ಅವರಾಗಿ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಇನ್ನೊಂದು, ಗುರಾಣಿಯ ಬಂಗಾರದ ಬಣ್ಣ. ಅದು ಡಬ್ಬದ ಪೇಂಟು, ಟ್ಯೂಬ್‌ಲೈಟ್ ಬೆಳಕಿನಲ್ಲಿ ಸ್ವಲ್ಪ ಕಂದು ಹೊಡೆಯುತ್ತದೆ. ಚಿನ್ನದ ಹಾಳೆ ಅಂಟಿಸುವ ಕೆಲಸ ಅವರು ಮಾಡುವುದಿಲ್ಲ, ಬೇಕಾದರೆ ಬೇರೆಯವರ ಹತ್ತಿರ ಮಾಡಿಸಬೇಕು. ಕೆತ್ತನೆಗೆ ಹತ್ತಕ್ಕೆ ಹತ್ತು, ಬಣ್ಣಕ್ಕೆ ಏಳು ಕೊಡಬಹುದು.

ಹಬ್ಬದ ದಿನ ಬಿಷಪ್ಪರು ಪೂಜೆ ಮುಗಿಸಿ ಸಭಾಂಗಣಕ್ಕೆ ಬಂದರು. ದೊಡ್ಡ ಫಲಕ ನೋಡಿ ಸಂತೋಷಪಟ್ಟರು. ಚಿಕ್ಕದನ್ನು ಕೈಗೆ ತಗೊಂಡು ಕಾಫಿ ಎಲೆ ಮೇಲೆ ಹೆಬ್ಬೆರಳು ಆಡಿಸುತ್ತಾ "ಇದು ನಮ್ಮ ತೋಟದ್ದೇ" ಅಂದರು. ಆಚಾರ್ರನ್ನೂ ಕರೆದಿದ್ದೆವು, ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು. ಲೈನ್ ಮನೆಯಲ್ಲಿ ಅವರ ಹತ್ತಿರ ಪಾಠ ಕಲಿತವರು ಬಹಳ ಜನ ಬಂದಿದ್ದರು, ಊಟ ಬಡಿಸುವ ಹೊತ್ತಿಗೂ ಅವರ ಸುತ್ತ ಗುಂಪು ಕರಗಿರಲಿಲ್ಲ.

ನೀವು ಮಾಡಿಸುವುದಿದ್ದರೆ ಆ ಬಿಷಪ್ಪರ ಆಫೀಸಿನಿಂದಲೇ ಚಿತ್ರ ಮತ್ತು ಬರಹದ ವಿವರಣೆ ಎರಡನ್ನೂ ತರಿಸಿಕೊಳ್ಳಿ, ನೆಟ್‌ನಲ್ಲಿ ಸಿಕ್ಕ ಫೋಟೋ ಕೊಡಬೇಡಿ. ಅವರು ಬೇರೆ ಕಡೆಗೆ ಆರ್ಚ್‌ಬಿಷಪ್ ಆಗಿ ಹೋಗಿದ್ದರೆ ಹಳೇ ಲಾಂಛನವಾ ಹೊಸದಾ ಅಂತ ಕೇಳಿಕೊಳ್ಳಿ, ಕುಚ್ಚಿನ ಲೆಕ್ಕ ಬದಲಾಗಿರುತ್ತದೆ. ಮಳೆ ಶುರುವಾಗುವ ಮೊದಲೇ ಆರ್ಡರ್ ಕೊಟ್ಟರೆ ಒಳ್ಳೆಯದು. ಫೋನ್ ನಂಬಿಕೊಳ್ಳದೆ ನೇರವಾಗಿ ಹೋಗಿ, ಬೆಳಗ್ಗೆ ಹೊತ್ತು ಸಿಗುತ್ತಾರೆ. ಅಮಾವಾಸ್ಯೆ ದಿನ ಉಳಿ ಮುಟ್ಟುವುದಿಲ್ಲ, ಶೆಡ್ಡು ಬಾಗಿಲು ಹಾಕಿರುತ್ತದೆ, ಕ್ಯಾಲೆಂಡರ್ ನೋಡಿಕೊಂಡು ಹೊರಡಿ.